'ಲುಕಿಂಗ್ ಫಾರ್ವರ್ಡ್ ಟು': ಇಂಗ್ಲಿಷ್ ಬರಹದಲ್ಲಿ ತಪ್ಪಿಲ್ಲದೆ ಬಳಸುವ ಸಮಗ್ರ ಮಾರ್ಗದರ್ಶಿ

ಕೆಲಸದ ಅರ್ಜಿ, ಕ್ಲೈಂಟ್‌ಗೆ ಕಳಿಸುವ ಮೇಲ್, ವಿದೇಶದ ಪ್ರಾಧ್ಯಾಪಕರಿಗೆ ಬರೆಯುವ ಕೋರಿಕೆ, ಹೊಸ ಕಂಪನಿ ಸೇರಿದ ದಿನ ಲಿಂಕ್ಡ್‌ಇನ್‌ನಲ್ಲಿ ಹಾಕುವ ನಾಲ್ಕು ಸಾಲು. ಇವೆಲ್ಲದರ ಕೊನೆಗೆ ಒಂದು ವಾಕ್ಯ ಬಂದೇ ಬರುತ್ತದೆ: 'ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು.' ಮೇಲಿನ ಸಾಲುಗಳು ಎಷ್ಟೇ ಚೊಕ್ಕವಾಗಿರಲಿ, ಇಂಗ್ಲಿಷ್ ಚೆನ್ನಾಗಿ ಬಲ್ಲವರ ಕಣ್ಣು ಇಲ್ಲಿಗೆ ಬಂದು 'ಹಿಯರ್' ಮೇಲೆ ಎಡವುತ್ತದೆ. ಅಲ್ಲಿ ಇರಬೇಕಾದ್ದು 'ಹಿಯರಿಂಗ್'.

ಯಾಕೆ ಎಂದು ಕೇಳಿದರೆ 'ಅದು ಹಾಗೇ, ಬಾಯಿಪಾಠ ಮಾಡ್ಕೊಳ್ಳಿ' ಅನ್ನುವವರೇ ಹೆಚ್ಚು. ಬಾಯಿಪಾಠ ಆ ಒಂದು ವಾಕ್ಯವನ್ನಷ್ಟೇ ಕಾಪಾಡುತ್ತದೆ. 'ಹಿಯರಿಂಗ್ ಫ್ರಮ್ ಯು' ಎಂದು ಸರಿಯಾಗಿ ಬರೆದವರೇ ಮರುದಿನ 'ಲುಕಿಂಗ್ ಫಾರ್ವರ್ಡ್ ಟು ವರ್ಕ್ ವಿತ್ ಯು' ಎಂದು ಬರೆದಿರುತ್ತಾರೆ. ಕಾರಣ ಗೊತ್ತಾದರೆ ಈ ಪಜೀತಿ ಇಲ್ಲ. ಆ ಕಾರಣ ತಿಳಿಯಲು ಇಂಗ್ಲಿಷ್ ವ್ಯಾಕರಣದ ದಪ್ಪ ಪುಸ್ತಕ ಬೇಕಾಗಿಲ್ಲ. ಹೈಸ್ಕೂಲಿನಲ್ಲಿ ಓದಿ ಮರೆತ ಕನ್ನಡದ ಕೃದಂತದ, ಅಂದರೆ ಧಾತುವಿನಿಂದ ಹುಟ್ಟುವ ಪದಗಳ, ಪಾಠ ಸಾಕು.

ಇಂಗ್ಲಿಷ್ ವಾಕ್ಯಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಪಕ್ಕದಲ್ಲೊಂದು ಹಾಳೆ ಇಟ್ಟುಕೊಂಡು ಅವನ್ನು ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಾ ಓದಿದರೆ ಕೈಗೂ ಅಭ್ಯಾಸವಾಗುತ್ತದೆ.

ಹೆಜ್ಜೆ 1: ಈ 'ಟು' ಯಾವ 'ಟು' ಎಂದು ಗುರುತಿಸಿ

ಇಂಗ್ಲಿಷಿನಲ್ಲಿ ಒಂದೇ ಸ್ಪೆಲಿಂಗ್‌ನ ಎರಡು 'ಟು' ಇವೆ. ಒಂದು, ಕ್ರಿಯಾಪದದ ಮೂಲರೂಪದ ಹಿಂದೆ ಬರುವಂಥದ್ದು: 'ಐ ವಾಂಟ್ ಟು ಗೋ', 'ಶಿ ಹೋಪ್ಸ್ ಟು ಪಾಸ್'. ಇಲ್ಲಿ 'ಟು ಗೋ' ಎಂದರೆ 'ಹೋಗಲು'. ಇನ್ನೊಂದು, ನಾಮಪದದ ಹಿಂದೆ ಬರುವ ಪ್ರಿಪೊಸಿಷನ್: 'ಐ ವೆಂಟ್ ಟು ಮೈಸೂರು', 'ಗಿವ್ ಇಟ್ ಟು ಹರ್'. ಇದು ನಮ್ಮ ಚತುರ್ಥಿ ವಿಭಕ್ತಿಯ 'ಗೆ', 'ಕ್ಕೆ' ಮಾಡುವ ಕೆಲಸ ಮಾಡುತ್ತದೆ. ಮೈಸೂರಿಗೆ, ಅವಳಿಗೆ.

'ಲುಕ್ ಫಾರ್ವರ್ಡ್ ಟು'ವಿನಲ್ಲಿರುವುದು ಈ ಎರಡನೆಯ 'ಟು'. ನೋಡುವುದು 'ಲುಕ್', ನೋಟದ ದಿಕ್ಕು 'ಫಾರ್ವರ್ಡ್', ನೋಟ ಯಾವುದರ ಕಡೆಗೆ ಎಂದು ತೋರಿಸುವುದು 'ಟು'. ಯಾವುದರ ಕಡೆಗೆ ಎಂಬ ಪ್ರಶ್ನೆಗೆ ಉತ್ತರ ಒಂದು ವಸ್ತುವೋ ಸಂಗತಿಯೋ ಆಗಿರಬೇಕು, ಅಂದರೆ ನಾಮಪದ.

ಅನುಮಾನ ಬಂದಾಗ 'ಟು' ಆದ ಮೇಲೆ 'ದಿಸ್' ಹಾಕಿ ನೋಡಿ. 'ಐ ಆಮ್ ಲುಕಿಂಗ್ ಫಾರ್ವರ್ಡ್ ಟು ದಿಸ್' ಎಂಬ ವಾಕ್ಯ ನಿಲ್ಲುತ್ತದೆ. 'ಐ ವಾಂಟ್ ಟು ದಿಸ್' ನಿಲ್ಲುವುದಿಲ್ಲ. ನಿಂತರೆ ಅದು ಪ್ರಿಪೊಸಿಷನ್, ಅದರ ಮುಂದೆ ಕ್ರಿಯಾಪದ ತರಬೇಕಾದರೆ 'ಇಂಗ್' ರೂಪ. ನಿಲ್ಲದಿದ್ದರೆ ಮೂಲರೂಪ. ಈ ಒಂದು ಪರೀಕ್ಷೆಗೆ ಮೂರು ಸೆಕೆಂಡು ಸಾಕು, ಯಾವ ಸಾಫ್ಟ್‌ವೇರೂ ಬೇಡ.

ಹೆಜ್ಜೆ 2: 'ಉವುದು' ಹಚ್ಚಿ ನೋಡಿ

ವಿಭಕ್ತಿ ಪ್ರತ್ಯಯ ನಾಮಪದಕ್ಕೆ ಹತ್ತುತ್ತದೆ, ಬರೀ ಧಾತುವಿಗಲ್ಲ. 'ಕೇಳು' ಎಂಬುದಕ್ಕೆ ನೇರವಾಗಿ 'ಅನ್ನು' ಹಚ್ಚಲು ಬರುವುದಿಲ್ಲ. ಮೊದಲು ಅದನ್ನು 'ಕೇಳುವುದು' ಎಂದು ನಾಮಪದ ಮಾಡಿಕೊಂಡು, ಆಮೇಲೆ 'ಕೇಳುವುದನ್ನು', 'ಕೇಳುವುದಕ್ಕೆ' ಎನ್ನುತ್ತೇವೆ. ಇದಕ್ಕೆ ಶಾಲೆಯ ವ್ಯಾಕರಣದಲ್ಲಿ ಕೃದಂತ ಭಾವನಾಮ ಎಂದು ಹೆಸರು. 'ಕೇಳಲು' ಎಂಬುದು ಬೇರೆ ಗುಂಪು, ಕೃದಂತಾವ್ಯಯ. ಇಂಗ್ಲಿಷಿನಲ್ಲಿ ಭಾವನಾಮದ ಕೆಲಸ ಮಾಡುವುದು 'ಹಿಯರಿಂಗ್', ಅವ್ಯಯದ ಕೆಲಸ ಮಾಡುವುದು 'ಟು ಹಿಯರ್'.

ಈಗ 'ಲುಕ್ ಫಾರ್ವರ್ಡ್ ಟು' ಎಂಬುದಕ್ಕೆ ಕನ್ನಡದ 'ಎದುರು ನೋಡು' ಇಟ್ಟು ಬರೆಯಿರಿ. 'ನಿಮ್ಮನ್ನು ಭೇಟಿಯಾಗುವುದನ್ನು ಎದುರು ನೋಡುತ್ತಿದ್ದೇನೆ.' ಸ್ವಲ್ಪ ಪುಸ್ತಕದ ಕನ್ನಡವಾಯಿತು ನಿಜ, ಆದರೆ ವಾಕ್ಯ ಸರಿಯಾಗಿದೆ. 'ಉವುದನ್ನು' ಬಂದ ಕಡೆ ಇಂಗ್ಲಿಷಿನಲ್ಲಿ 'ಇಂಗ್': 'ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಮೀಟಿಂಗ್ ಯು.' ಅದೇ 'ನಿಮ್ಮನ್ನು ಭೇಟಿಯಾಗಲು ಬಯಸುತ್ತೇನೆ' ಎಂದರೆ 'ಅಲು' ಬಂತು, ಹಾಗಾಗಿ 'ಐ ವಿಶ್ ಟು ಮೀಟ್ ಯು'.

ನಾವು ಜಾರುವುದು ಆಡುಮಾತಿನಲ್ಲಿ. 'ನಿಮ್ಮನ್ನ ನೋಡೋಕೆ ಕಾಯ್ತಾ ಇದೀನಿ' ಅನ್ನುತ್ತೇವೆ. ಈ 'ನೋಡೋಕೆ' ಬಹಳ ಉಪಕಾರಿ ರೂಪ. 'ನೋಡಲು' ಅನ್ನುವ ಕಡೆಗೂ ಅದೇ, 'ನೋಡುವುದಕ್ಕೆ' ಅನ್ನುವ ಕಡೆಗೂ ಅದೇ. ಹಾಗಾಗಿ ತಲೆಯೊಳಗೆ 'ನೋಡೋಕೆ' ಎಂದುಕೊಂಡು ಇಂಗ್ಲಿಷ್ ಬರೆಯಲು ಕೂತರೆ ಕೈ ತಾನಾಗಿ 'ಟು ಸೀ' ಬರೆಯುತ್ತದೆ. ಬರೆಯುವ ಮುನ್ನ ಆ 'ಓಕೆ'ಯನ್ನು ಬಿಡಿಸಿ, 'ಅಲು'ವೋ 'ಉವುದು'ವೋ ಎಂದು ನೋಡಿಕೊಳ್ಳಿ. ಮೈಸೂರು ಕಡೆಯ 'ಓಕೆ', ಉತ್ತರ ಕರ್ನಾಟಕದ 'ನೋಡಲಿಕ್ಕೆ', 'ನೋಡಾಕ', ಎಲ್ಲಕ್ಕೂ ಇದೇ ಮದ್ದು.

ಹೆಜ್ಜೆ 3: 'ಟು' ಮುಂದೆ ಏನೇನು ಬರಬಹುದು

ಸುಲಭದ್ದು ಬರೀ ನಾಮಪದ. 'ಐ ಲುಕ್ ಫಾರ್ವರ್ಡ್ ಟು ಯುವರ್ ರಿಪ್ಲೈ', 'ದ ಚಿಲ್ಡ್ರನ್ ಆರ್ ಲುಕಿಂಗ್ ಫಾರ್ವರ್ಡ್ ಟು ದಸರಾ'. ಇದರಲ್ಲಿ ತಪ್ಪಲು ಜಾಗವೇ ಇಲ್ಲ. 'ಇಂಗ್' ಬಗ್ಗೆ ಧೈರ್ಯ ಸಾಲದಿದ್ದರೆ ವಾಕ್ಯವನ್ನು ಹೀಗೆ ನಾಮಪದಕ್ಕೆ ತಿರುಗಿಸಿಕೊಳ್ಳುವುದು ಜಾಣತನ.

ತೊಂದರೆ ಕೊಡುವುದು ನಾಮಪದವೂ ಕ್ರಿಯಾಪದವೂ ಒಂದೇ ರೂಪದಲ್ಲಿರುವ ಶಬ್ದಗಳು: 'ವರ್ಕ್', 'ವಿಸಿಟ್', 'ಕಾಲ್', 'ರಿಪ್ಲೈ'. 'ಲುಕಿಂಗ್ ಫಾರ್ವರ್ಡ್ ಟು ಯುವರ್ ವಿಸಿಟ್' ಸರಿ, ಏಕೆಂದರೆ 'ಯುವರ್' ಇರುವುದರಿಂದ 'ವಿಸಿಟ್' ನಾಮಪದ. 'ಲುಕಿಂಗ್ ಫಾರ್ವರ್ಡ್ ಟು ವಿಸಿಟ್ ಯು' ತಪ್ಪು, ಏಕೆಂದರೆ ಅದರ ನಂತರ ಬಂದ 'ಯು' ಅದನ್ನು ಕ್ರಿಯಾಪದ ಮಾಡಿತು. ಅಲ್ಲಿ 'ವಿಸಿಟಿಂಗ್ ಯು' ಆಗಬೇಕು. ಶಬ್ದದ ಹಿಂದೆಮುಂದೆ ಏನಿದೆ ಎಂದು ನೋಡದೆ ತೀರ್ಮಾನಿಸಬೇಡಿ.

'ಮೀಟಿಂಗ್' ಶಬ್ದದ ಕಥೆ ಇದಕ್ಕೆ ತಿರುಗುಮುರುಗು. ಅದು 'ಸಭೆ'ಯೂ ಹೌದು, 'ಭೇಟಿಯಾಗುವುದು' ಕೂಡ ಹೌದು. ಶುಕ್ರವಾರದ ಸಭೆಯ ಬಗ್ಗೆ ಬರೆಯುವಾಗ 'ಟು ದ ಮೀಟಿಂಗ್ ಆನ್ ಫ್ರೈಡೆ', ವ್ಯಕ್ತಿಯನ್ನು ಕಾಣುವ ಬಗ್ಗೆ ಬರೆಯುವಾಗ 'ಟು ಮೀಟಿಂಗ್ ಯು ಆನ್ ಫ್ರೈಡೆ'. 'ದ' ಇದ್ದರೆ 'ಯು' ಇಲ್ಲ, 'ಯು' ಇದ್ದರೆ 'ದ' ಇಲ್ಲ. 'ಟು ದ ಮೀಟಿಂಗ್ ಯು' ಎಂಬ ಮಿಶ್ರತಳಿಯೂ ಆಗಾಗ ಕಣ್ಣಿಗೆ ಬೀಳುತ್ತದೆ.

ಬೇರೊಬ್ಬರು ಮಾಡುವ ಕೆಲಸವನ್ನು ಹೇಳಬೇಕಾದಾಗ ನಡುವೆ ಆ ವ್ಯಕ್ತಿ ಬರುತ್ತಾನೆ. 'ವಿ ಲುಕ್ ಫಾರ್ವರ್ಡ್ ಟು ಯುವರ್ ಜಾಯಿನಿಂಗ್ ಅಸ್' ಎನ್ನುವುದು ಬಿಗಿಯಾದ ಔಪಚಾರಿಕ ರೂಪ. 'ಟು ಯು ಜಾಯಿನಿಂಗ್ ಅಸ್' ಸಲೀಸಾದ, ಈಗ ಎಲ್ಲರೂ ಬರೆಯುವ ರೂಪ. ಎರಡೂ ನಡೆಯುತ್ತವೆ. ನಡೆಯದಿರುವುದು 'ಟು ಯು ಟು ಜಾಯಿನ್ ಅಸ್'. ಕೆಲಸ ತಮಗೇ ಆಗುವಂಥದ್ದಾದರೆ 'ಬೀಯಿಂಗ್' ಸೇರಿಸಬೇಕು: 'ಐ ಲುಕ್ ಫಾರ್ವರ್ಡ್ ಟು ಬೀಯಿಂಗ್ ಇಂಟರ್‌ವ್ಯೂಡ್'. ವ್ಯಾಕರಣ ಸರಿ, ಆದರೆ ಯಾರೂ ಹೀಗೆ ಬರೆಯಬೇಕಾದ ಅಗತ್ಯ ಕಾಣೆ. 'ಟು ದ ಇಂಟರ್‌ವ್ಯೂ' ಎಂದರೆ ಮುಗಿಯಿತು.

ಒಂದೇ ವಾಕ್ಯದಲ್ಲಿ ಎರಡು ಕೆಲಸಗಳಿದ್ದರೆ ಎರಡಕ್ಕೂ 'ಇಂಗ್' ಬೇಕು. 'ಲುಕಿಂಗ್ ಫಾರ್ವರ್ಡ್ ಟು ಮೀಟಿಂಗ್ ಯು ಆ್ಯಂಡ್ ಡಿಸ್ಕಸ್ ದ ಪ್ರಾಜೆಕ್ಟ್' ಎಂದು ಬರೆದವರು ಮೊದಲನೆಯದರಲ್ಲಿ ಎಚ್ಚರವಾಗಿದ್ದು ಎರಡನೆಯದರಲ್ಲಿ ಮಲಗಿಬಿಟ್ಟಿದ್ದಾರೆ. ಅದು 'ಡಿಸ್ಕಸಿಂಗ್'. 'ಆ್ಯಂಡ್' ಬಂತೆಂದರೆ ಒಮ್ಮೆ ಹಿಂದಿರುಗಿ ನೋಡಿ.

ಒಂದೇ ವಾಕ್ಯದಲ್ಲಿ ಎರಡೂ ಬಗೆಯ 'ಟು' ಬರುವುದೂ ಉಂಟು, ಅಲ್ಲಿ ಗಾಬರಿ ಬೇಡ. 'ಐ ಲುಕ್ ಫಾರ್ವರ್ಡ್ ಟು ಬೀಯಿಂಗ್ ಏಬಲ್ ಟು ಹೆಲ್ಪ್.' ಮೊದಲ 'ಟು' ಪ್ರಿಪೊಸಿಷನ್, ಅದಕ್ಕೆ 'ಬೀಯಿಂಗ್' ಸಿಕ್ಕಿತು. ಎರಡನೆಯದು 'ಏಬಲ್' ಜೊತೆಗೆ ಬಂದ ಮಾಮೂಲಿ 'ಟು', ಅದಕ್ಕೆ ಮೂಲರೂಪ 'ಹೆಲ್ಪ್'. ಅರ್ಜಿಗಳಲ್ಲಿ ಬರುವ 'ಐ ಲುಕ್ ಫಾರ್ವರ್ಡ್ ಟು ಆ್ಯನ್ ಆಪರ್ಚುನಿಟಿ ಟು ಡಿಸ್ಕಸ್ ದಿಸ್' ಕೂಡ ಹಾಗೇ. 'ಡಿಸ್ಕಸ್'ಗೆ ಇಲ್ಲಿ 'ಇಂಗ್' ಇಲ್ಲ, ಏಕೆಂದರೆ ಅದರ ಹಿಂದಿನ 'ಟು' ಸೇರಿರುವುದು 'ಆಪರ್ಚುನಿಟಿ'ಗೆ. ನಿಯಮ ಕಲಿತ ಹೊಸದರಲ್ಲಿ ಕಂಡ ಕಂಡ 'ಟು'ಗೆಲ್ಲ 'ಇಂಗ್' ಅಂಟಿಸುವ ಉತ್ಸಾಹ ಬರುತ್ತದೆ. ಅದನ್ನು ಹತೋಟಿಯಲ್ಲಿಡಿ.

ಹೆಜ್ಜೆ 4: 'ಫಾರ್' ಕಂಡರೆ ತೆಗೆಯಿರಿ

'ಲುಕಿಂಗ್ ಫಾರ್ವರ್ಡ್ ಫಾರ್ ಯುವರ್ ರಿಪ್ಲೈ' ತಪ್ಪು. ಇದು ಬರುವುದು 'ನಿಮ್ಮ ಉತ್ತರಕ್ಕಾಗಿ' ಎಂಬ ಕನ್ನಡದಿಂದ. 'ಕ್ಕಾಗಿ' ಎಂದಕೂಡಲೇ ನಮಗೆ 'ಫಾರ್' ನೆನಪಾಗುತ್ತದೆ. 'ವೇಟಿಂಗ್ ಫಾರ್' ಎಂಬ ಇನ್ನೊಂದು ನುಡಿಯ ಒತ್ತಾಸೆಯೂ ಇದೆ. 'ಲುಕಿಂಗ್ ಫಾರ್' ಎಂದರೆ ಹುಡುಕುವುದು, 'ವೇಟಿಂಗ್ ಫಾರ್' ಎಂದರೆ ಕಾಯುವುದು, 'ಲುಕಿಂಗ್ ಫಾರ್ವರ್ಡ್' ಜೊತೆಗೆ ಮಾತ್ರ ಯಾವಾಗಲೂ 'ಟು'.

ಇದೇ ಸಾಲಿನಲ್ಲಿ 'ಅವೇಟಿಂಗ್ ಫಾರ್ ಯುವರ್ ರಿಪ್ಲೈ' ಕೂಡ ತಪ್ಪು. 'ಅವೇಟ್' ಶಬ್ದದೊಳಗೇ ಆ 'ಫಾರ್' ಅಡಗಿದೆ. 'ಅವೇಟಿಂಗ್ ಯುವರ್ ರಿಪ್ಲೈ' ಸಾಕು.

ಹೆಜ್ಜೆ 5: 'ಐ ಲುಕ್' ಬರೆಯಬೇಕೋ, 'ಐ ಆಮ್ ಲುಕಿಂಗ್' ಬರೆಯಬೇಕೋ

ವ್ಯಾಕರಣದ ದೃಷ್ಟಿಯಿಂದ ಎರಡೂ ಸರಿ. ವ್ಯತ್ಯಾಸ ಇರುವುದು ಧಾಟಿಯಲ್ಲಿ. 'ಐ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು' ಔಪಚಾರಿಕ. ಅರ್ಜಿ, ಕಚೇರಿ ಪತ್ರ, ಪರಿಚಯವಿಲ್ಲದವರಿಗೆ ಬರೆಯುವ ಮೇಲ್‌ಗೆ ಇದು. 'ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಸೀಯಿಂಗ್ ಯು' ಹೆಚ್ಚು ಆತ್ಮೀಯ. ಅಮೆರಿಕದಲ್ಲಿರುವ ಅಕ್ಕನಿಗೆ, ಜೊತೆಯಲ್ಲಿ ಕೆಲಸ ಮಾಡುವವರಿಗೆ. ಸಂಸ್ಥೆಯ ಪರವಾಗಿ ಬರೆಯುವಾಗ 'ವಿ ಲುಕ್ ಫಾರ್ವರ್ಡ್ ಟು'.

ಗಮನಿಸಿ: 'ಐ ಲುಕ್' ಎಂಬಲ್ಲಿ 'ಇಂಗ್' ಇಲ್ಲದಿದ್ದರೂ 'ಟು' ಆದ ಮೇಲಿನ 'ಇಂಗ್' ಹೋಗುವುದಿಲ್ಲ. ಒಂದು ಕಡೆ ತೆಗೆದರೆ ಇನ್ನೊಂದು ಕಡೆಯೂ ತೆಗೆಯಬೇಕು ಎಂದುಕೊಳ್ಳುವವರಿದ್ದಾರೆ. ಅವೆರಡಕ್ಕೂ ಸಂಬಂಧವೇ ಇಲ್ಲ.

ನಮ್ಮಲ್ಲಿ 'ಐ ವಿಲ್ ಲುಕ್ ಫಾರ್ವರ್ಡ್ ಟು' ಬರೆಯುವ ರೂಢಿಯೂ ಇದೆ. ಉತ್ತರ ಬರುವುದು ಮುಂದೆ ತಾನೇ, ಹಾಗಾಗಿ 'ವಿಲ್' ಎಂಬ ಲೆಕ್ಕಾಚಾರ. ಆದರೆ ಎದುರು ನೋಡುವ ಕೆಲಸ ಈಗಲೇ ನಡೆದಿದೆ, ಮುಂದಿರುವುದು ಉತ್ತರ. 'ವಿಲ್' ಬಿಟ್ಟರೆ ವಾಕ್ಯ ಚುರುಕಾಗುತ್ತದೆ.

ಬಹಳ ದಿನದಿಂದ ಕಾದಿದ್ದರೆ 'ಐ ಹ್ಯಾವ್ ಬೀನ್ ಲುಕಿಂಗ್ ಫಾರ್ವರ್ಡ್ ಟು ದಿಸ್'. 'ಐ ವಾಸ್ ಲುಕಿಂಗ್ ಫಾರ್ವರ್ಡ್ ಟು ಮೀಟಿಂಗ್ ಯು' ಎಂದು ಬರೆಯುವಾಗ ಮಾತ್ರ ಜೋಪಾನ. ಅದನ್ನು ಓದಿದವರಿಗೆ ಮುಂದೆ ಒಂದು 'ಬಟ್' ಕಾದಿದೆ ಅನ್ನಿಸುತ್ತದೆ: ಭೇಟಿಯಾಗುವ ಆಸೆಯಿತ್ತು, ಈಗ ಆಗುತ್ತಿಲ್ಲ. ಭೇಟಿ ಇನ್ನೂ ಖಾಯಂ ಇದ್ದರೆ 'ವಾಸ್' ಬೇಡ.

ಹೆಜ್ಜೆ 6: ಕರ್ತೃ ಬಿಟ್ಟರೆ ಏನಾಗುತ್ತದೆ

'ಐ ಆಮ್' ಬಿಟ್ಟು ಬರೀ 'ಲುಕಿಂಗ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು' ಎಂದು ಬರೆದು ಸಹಿ ಹಾಕುವುದು ಈಗ ಎಲ್ಲೆಲ್ಲೂ ಇದೆ. ಶಾಸ್ತ್ರದ ಪ್ರಕಾರ ಅದು ಪೂರ್ಣ ವಾಕ್ಯವಲ್ಲ. ಇಮೇಲ್‌ನಲ್ಲಿ ಯಾರೂ ಆಕ್ಷೇಪಿಸುವುದಿಲ್ಲ, ಅರ್ಜಿಯಲ್ಲಿ ನಾನಾದರೆ ಪೂರ್ತಿ ವಾಕ್ಯವನ್ನೇ ಬರೆಯುತ್ತೇನೆ.

ಅದರ ಕೊನೆಗೆ ಪೂರ್ಣವಿರಾಮ ಹಾಕಬೇಕೋ ಅಲ್ಪವಿರಾಮವೋ ಎಂಬ ಗೊಂದಲಕ್ಕೆ ಒಂದು ಹಳೆಯ ಕಾರಣ ಇದೆ. ಹಿಂದಿನ ಇಂಗ್ಲಿಷ್ ಪತ್ರಗಳಲ್ಲಿ ಕೊನೆಯ ವಾಕ್ಯ ಸಹಿಯವರೆಗೂ ಹರಿಯುತ್ತಿತ್ತು: 'ಲುಕಿಂಗ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು, ಐ ರಿಮೇನ್, ಯುವರ್ಸ್ ಫೇತ್‌ಫುಲಿ'. ಎದುರು ನೋಡುತ್ತಾ, ನಿಮ್ಮ ವಿಶ್ವಾಸಿಯಾಗಿ ಉಳಿದಿದ್ದೇನೆ ಎಂದು ಅರ್ಥ. 'ಲುಕಿಂಗ್'ಗೆ ಕರ್ತೃ ಮುಂದೆ ಬರುವ 'ಐ'. ಕಾಲಕ್ರಮದಲ್ಲಿ 'ಐ ರಿಮೇನ್' ಉದುರಿಹೋಯಿತು, ಅಲ್ಪವಿರಾಮ ಮಾತ್ರ ನೇತಾಡುತ್ತಾ ಉಳಿಯಿತು. ನಮ್ಮ ಶಾಲೆಗಳ ರಜಾ ಅರ್ಜಿಯಲ್ಲಿ ಇಂದಿಗೂ ಇರುವ 'ಥ್ಯಾಂಕಿಂಗ್ ಯು,' ಕೂಡ ಇದೇ ಕುಲದ್ದು. ಕನ್ನಡ ಪತ್ರದ ಕೊನೆಯ 'ಇಂತಿ' ಇದೆಯಲ್ಲ, 'ಇಂತಿ ತಮ್ಮ ವಿಶ್ವಾಸಿ' ಎಂಬಲ್ಲಿ, ಅದೂ ಹೀಗೆ ಪತ್ರವನ್ನು ಸಹಿಗೆ ಕಟ್ಟುವ ದಾರ. ಅರ್ಥ ಕೇಳದೆ ಬರೆಯುತ್ತೇವೆ.

ಹಾಗಾಗಿ ಬಗೆಹರಿಕೆ ಇಷ್ಟು: 'ಐ ಲುಕ್ ಫಾರ್ವರ್ಡ್' ಎಂದು ಕರ್ತೃ ಇಟ್ಟು ಬರೆದರೆ ಕಡ್ಡಾಯವಾಗಿ ಪೂರ್ಣವಿರಾಮ. ಕರ್ತೃ ಬಿಟ್ಟು ಬರೆದರೂ ಇಂದಿನ ಇಮೇಲ್‌ನಲ್ಲಿ ಪೂರ್ಣವಿರಾಮವೇ ಚೆನ್ನ. ಅಲ್ಪವಿರಾಮ ಹಾಕುವುದು ಹಳೆಯ ಪದ್ಧತಿ, ಅದರ ಕೆಳಗೆ ನೇರವಾಗಿ 'ಯುವರ್ಸ್ ಫೇತ್‌ಫುಲಿ' ಬರುವುದಾದರೆ ಮಾತ್ರ ಒಪ್ಪುತ್ತದೆ.

ಕರ್ತೃ ಬಿಟ್ಟವರು ಬೀಳುವ ಇನ್ನೊಂದು ಹಳ್ಳವಿದೆ. 'ಲುಕಿಂಗ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು, ಮೈ ರೆಸ್ಯೂಮೆ ಈಸ್ ಅಟ್ಯಾಚ್ಡ್.' ಅಲ್ಪವಿರಾಮದ ನಂತರ ಬರುವುದೇ 'ಲುಕಿಂಗ್'ನ ಕರ್ತೃ ಆಗುವುದರಿಂದ, ಇಲ್ಲಿ ಉತ್ತರಕ್ಕೆ ಕಾದು ಕೂತಿರುವುದು ರೆಸ್ಯೂಮೆ! ಎರಡು ವಾಕ್ಯ ಮಾಡಿ: 'ಮೈ ರೆಸ್ಯೂಮೆ ಈಸ್ ಅಟ್ಯಾಚ್ಡ್. ಐ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು.'

ಹೆಜ್ಜೆ 7: 'ಟು' ಕೊನೆಗೆ ಬರುವ ವಾಕ್ಯಗಳು

ನಾಮಪದ ಮುಂಚೆಯೇ ಬಂದುಬಿಟ್ಟರೆ 'ಟು' ಒಂಟಿಯಾಗಿ ಹಿಂದೆ ಉಳಿಯುತ್ತದೆ, ಆದರೆ ಉಳಿಯಲೇಬೇಕು. 'ದಿಸ್ ಈಸ್ ದ ಟ್ರಿಪ್ ಐ ವಾಸ್ ಲುಕಿಂಗ್ ಫಾರ್ವರ್ಡ್ ಟು.' ಕನ್ನಡದಲ್ಲಿ 'ನಾನು ಎದುರು ನೋಡುತ್ತಿದ್ದ ಪ್ರವಾಸ' ಎಂದಾಗ 'ಅನ್ನು' ಮಾಯವಾಗುತ್ತದಾದ್ದರಿಂದ ನಮಗೆ 'ಟು' ಬಿಡುವ ಚಪಲ. 'ದ ಡೇ ವಿ ಹ್ಯಾಡ್ ಬೀನ್ ಲುಕಿಂಗ್ ಫಾರ್ವರ್ಡ್ ಟು ಹ್ಯಾಸ್ ಕಮ್' ಎಂಬ ವಾಕ್ಯದಲ್ಲಿ 'ಟು' ಪಕ್ಕ 'ಹ್ಯಾಸ್' ಕಂಡು 'ಹ್ಯಾವಿಂಗ್' ಮಾಡಬೇಕೇನೋ ಅನ್ನಿಸಬಹುದು. ಬೇಡ. 'ಟು'ವಿನ ನಾಮಪದ 'ಡೇ', ಅದು ಆಗಲೇ ಮುಂದೆ ಹೋಗಿ ಕೂತಿದೆ.

ವಾಟ್ಸ್‌ಆ್ಯಪ್‌ನಲ್ಲಿ 'ಲುಕಿಂಗ್ ಫಾರ್ವರ್ಡ್!' ಎಂದಷ್ಟೇ ಬರೆದರೆ ಜನ ಒಪ್ಪಿಕೊಳ್ಳುತ್ತಾರೆ. ಪತ್ರದಲ್ಲಿ 'ಲುಕಿಂಗ್ ಫಾರ್ವರ್ಡ್ ಟು ಇಟ್'.

ಸ್ಪೆಲಿಂಗ್ ವಿಷಯ ಎರಡೇ ಮಾತು. 'ಫಾರ್ವರ್ಡ್' ಎಂಬುದರಲ್ಲಿ ಎಫ್, ಓ, ಆರ್ ಆದ ಮೇಲೆ ಡಬ್ಲ್ಯೂ, ಎ ಬರುತ್ತವೆ. ನಡುವೆ ಇ ಸೇರಿ, ಎ ಬದಲು ಓ ಬಂದರೆ ಅದು ಪುಸ್ತಕದ ಮುನ್ನುಡಿ. 'ಟು'ವಿಗೆ ಒಂದೇ ಓ.

ಹೆಜ್ಜೆ 8: ಈ ನುಡಿ ಇಲ್ಲಿ ಬೇಕೇ ಎಂದು ಕೇಳಿಕೊಳ್ಳಿ

ವ್ಯಾಕರಣ ಸರಿಯಿದ್ದೂ ಪತ್ರ ಕೆಡುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಕನ್ನಡದ 'ಎದುರು ನೋಡು' ಸುಖಕ್ಕೂ ಬರುತ್ತದೆ, ಸಂಕಟಕ್ಕೂ ಬರುತ್ತದೆ. 'ಪರಿಹಾರಕ್ಕಾಗಿ ಎದುರು ನೋಡುತ್ತಿರುವ ನೆರೆ ಸಂತ್ರಸ್ತರು' ಎಂದು ಪತ್ರಿಕೆಗಳು ಬರೆಯುತ್ತವೆ. ಸಂತ್ರಸ್ತರಿಗೆ ಅದರಲ್ಲಿ ಸಂಭ್ರಮವೇನೂ ಇಲ್ಲ. ಇಂಗ್ಲಿಷಿನ 'ಲುಕಿಂಗ್ ಫಾರ್ವರ್ಡ್ ಟು' ಹಾಗಲ್ಲ, ಅದರಲ್ಲಿ ಖುಷಿ ಬೆರೆತೇ ಇದೆ. ಸಂತ್ರಸ್ತರ ವಾಕ್ಯವನ್ನು ಅದಕ್ಕೆ ತಿರುಗಿಸಿದರೆ ಹಬ್ಬಕ್ಕೆ ಕಾದ ಹಾಗೆ ಕೇಳಿಸುತ್ತದೆ. ಅಲ್ಲಿ 'ಅವೇಟಿಂಗ್' ಅಥವಾ 'ಸ್ಟಿಲ್ ವೇಟಿಂಗ್ ಫಾರ್' ಬೇಕು. ಆಪರೇಷನ್, ಕೋರ್ಟಿನ ತೀರ್ಪು, ಮೆಡಿಕಲ್ ರಿಪೋರ್ಟ್, ಸಾವಿನ ಮನೆಯ ಕಾರ್ಯ, ಇವುಗಳ ಹತ್ತಿರ ಈ ನುಡಿಯನ್ನು ಸುಳಿಯಲು ಬಿಡಬೇಡಿ. 'ನಾಟ್' ಸೇರಿಸಿದರೆ ಅರ್ಥ ಪೂರ್ತಿ ತಿರುಗುತ್ತದೆ: 'ಐ ಆಮ್ ನಾಟ್ ಲುಕಿಂಗ್ ಫಾರ್ವರ್ಡ್ ಟು ದ ಎಕ್ಸಾಮ್' ಎಂದರೆ ಪರೀಕ್ಷೆ ನೆನೆಸಿಕೊಂಡರೇ ಬೇಸರ ಎಂದು.

ಇದರ ಅಕ್ಕಪಕ್ಕದ ನುಡಿಗಳ ತೂಕ ಬೇರೆಬೇರೆ. 'ಐ ಹೋಪ್ ಟು ಹಿಯರ್ ಫ್ರಮ್ ಯು' ವಿನಯದ್ದು, ಉತ್ತರ ಬಾರದೆಯೂ ಇರಬಹುದು ಎಂಬ ಅರಿವು ಅದರಲ್ಲಿದೆ. ಮತ್ತು ನೋಡಿ, 'ಹೋಪ್' ಜೊತೆಗೆ ಮೂಲರೂಪ 'ಹಿಯರ್', 'ಇಂಗ್' ಇಲ್ಲ. 'ಐ ಆಮ್ ವೇಟಿಂಗ್ ಫಾರ್ ಯುವರ್ ರಿಪ್ಲೈ' ಎಂದರೆ ಗಡಿಯಾರ ನೋಡುತ್ತಾ ಕೂತಿದ್ದೇನೆ ಎಂದ ಹಾಗೆ, ಮೇಲಿನವರಿಗೆ ಬರೆಯಬಾರದು. 'ಐ ಆಮ್ ಎಕ್ಸ್‌ಪೆಕ್ಟಿಂಗ್ ಯುವರ್ ರಿಪ್ಲೈ' ಇನ್ನೂ ಖಾರ. ಮೇಷ್ಟ್ರು ಹೋಂವರ್ಕ್ ಕೇಳಿದ ಧಾಟಿ. ಕರ್ಮಪದ ಬಿಟ್ಟು 'ಐ ಆಮ್ ಎಕ್ಸ್‌ಪೆಕ್ಟಿಂಗ್' ಎಂದಷ್ಟೇ ಬರೆದರೆ ನೀವು ಬಸುರಿ ಎಂದಾಗುತ್ತದೆ.

'ಲುಕಿಂಗ್ ಫಾರ್ವರ್ಡ್ ಟು ಯುವರ್ ಪಾಸಿಟಿವ್ ರಿಪ್ಲೈ' ಎಂಬ ಸಾಲು ನಮ್ಮ ಅರ್ಜಿಗಳಲ್ಲಿ ಬಹಳ. ವ್ಯಾಕರಣಕ್ಕೆ ಭಂಗವಿಲ್ಲ. ಆದರೆ ತೀರ್ಮಾನ ಮಾಡಬೇಕಾದವರಿಗೆ ತೀರ್ಮಾನವನ್ನೂ ನಾವೇ ಹೇಳಿಕೊಟ್ಟ ಹಾಗಾಯಿತು. 'ಪಾಸಿಟಿವ್', 'ಫೇವರಬಲ್' ಎರಡನ್ನೂ ತೆಗೆಯಿರಿ. ಉತ್ತರ ಒಳ್ಳೆಯದೇ ಬರಲಿ ಎಂಬ ಆಸೆ ಹೇಳದೆಯೂ ಗೊತ್ತಾಗುತ್ತದೆ.

ಉತ್ತರ ಇಂಥ ದಿನದೊಳಗೆ ಬೇಕೇ ಬೇಕು ಎಂದಿದ್ದರೆ ಈ ನುಡಿಯ ಮರೆಯಲ್ಲಿ ಬಚ್ಚಿಟ್ಟುಕೊಳ್ಳಬೇಡಿ. 'ಲುಕಿಂಗ್ ಫಾರ್ವರ್ಡ್ ಟು ಯು ಸೆಂಡಿಂಗ್ ದ ಡಾಕ್ಯುಮೆಂಟ್ಸ್ ಅಟ್ ದ ಅರ್ಲಿಯೆಸ್ಟ್' ಎಂದು ಬರೆದರೆ ಓದಿದವರು ನಗುತ್ತಾ ಪಕ್ಕಕ್ಕಿಡುತ್ತಾರೆ. 'ಪ್ಲೀಸ್ ಸೆಂಡ್ ದ ಡಾಕ್ಯುಮೆಂಟ್ಸ್ ಬೈ ಮಾರ್ಚ್ 15' ಎಂದು ನೇರವಾಗಿ ಬರೆಯುವುದೇ ಮರ್ಯಾದೆ.

ಇದೇ ಮನೆತನದ ಇನ್ನಷ್ಟು ನುಡಿಗಳು

ಒಮ್ಮೆ ಈ 'ಟು' ಕೈಗೆ ಸಿಕ್ಕಿತೆಂದರೆ ಉಳಿದವೂ ಸಿಕ್ಕಂತೆ. 'ಕಮಿಟೆಡ್ ಟು', 'ಡೆಡಿಕೇಟೆಡ್ ಟು', 'ಅಕಸ್ಟಮ್ಡ್ ಟು', 'ಆಬ್ಜೆಕ್ಟ್ ಟು', 'ಅಪೋಸ್ಡ್ ಟು', 'ಇನ್ ಅಡಿಷನ್ ಟು', 'ಪ್ರಯರ್ ಟು', 'ವಿತ್ ಎ ವ್ಯೂ ಟು', 'ವೆನ್ ಇಟ್ ಕಮ್ಸ್ ಟು': ಇವೆಲ್ಲದರ ಮುಂದೆಯೂ 'ಇಂಗ್'. ಕಂಪನಿಗಳ ಫಲಕದಲ್ಲಿ ಬರುವ ವಾಕ್ಯ 'ವಿ ಆರ್ ಕಮಿಟೆಡ್ ಟು ಸರ್ವಿಂಗ್ ಯು' ಎಂದಿರಬೇಕು. 'ಪ್ರಯರ್ ಟು ಜಾಯಿನ್ ದಿಸ್ ಕಂಪನಿ' ಎಂದು ರೆಸ್ಯೂಮೆಯಲ್ಲಿ ಬರೆದಿದ್ದರೆ 'ಜಾಯಿನಿಂಗ್' ಮಾಡಿ.

'ಯೂಸ್ಡ್ ಟು' ಒಂದೇ ಎರಡು ಮುಖ ತೋರಿಸುತ್ತದೆ. 'ಐ ಯೂಸ್ಡ್ ಟು ಡ್ರೈವ್ ಅಟ್ ನೈಟ್' ಎಂದರೆ ಮುಂಚೆ ರಾತ್ರಿ ಗಾಡಿ ಓಡಿಸುತ್ತಿದ್ದೆ, ಈಗಿಲ್ಲ. 'ಐ ಆಮ್ ಯೂಸ್ಡ್ ಟು ಡ್ರೈವಿಂಗ್ ಅಟ್ ನೈಟ್' ಎಂದರೆ ರಾತ್ರಿ ಓಡಿಸುವುದು ನನಗೆ ರೂಢಿ. 'ಆಮ್' ಇದ್ದರೆ 'ಇಂಗ್'. 'ದಿಸ್' ಪರೀಕ್ಷೆ ಇಲ್ಲೂ ನಡೆಯುತ್ತದೆ: 'ಐ ಆಮ್ ಯೂಸ್ಡ್ ಟು ದಿಸ್' ನಿಲ್ಲುತ್ತದೆ, ಮೊದಲನೆಯದು ನಿಲ್ಲುವುದಿಲ್ಲ.

ಒಂದು ಮೇಲ್ ತಿದ್ದೋಣ

ಕೆಲಸದ ಅರ್ಜಿಯ ಕೊನೆಯ ಪ್ಯಾರಾ ಹೀಗಿದೆ ಎಂದುಕೊಳ್ಳಿ:

'ಐ ಆಮ್ ಯೂಸ್ಡ್ ಟು ವರ್ಕ್ ಅಂಡರ್ ಪ್ರೆಶರ್. ಐ ವಿಲ್ ಬಿ ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು ಆ್ಯಂಡ್ ಡಿಸ್ಕಸಿಂಗ್ ದ ರೋಲ್. ದ ಆಪರ್ಚುನಿಟಿ ವಿಚ್ ಐ ವಾಸ್ ಲುಕಿಂಗ್ ಫಾರ್ವರ್ಡ್ ಈಸ್ ನೌ ಬಿಫೋರ್ ಮಿ. ಲುಕಿಂಗ್ ಫಾರ್ವರ್ಡ್ ಫಾರ್ ಯುವರ್ ಪಾಸಿಟಿವ್ ರಿಪ್ಲೈ, ಮೈ ಸರ್ಟಿಫಿಕೇಟ್ಸ್ ಆರ್ ಅಟ್ಯಾಚ್ಡ್.'

ಕೆಳಗಿನದನ್ನು ಓದುವ ಮುನ್ನ ನಿಮ್ಮ ಹಾಳೆಯಲ್ಲಿ ತಿದ್ದಿ ನೋಡಿ.

ಮೊದಲ ವಾಕ್ಯದಲ್ಲಿ 'ಆಮ್ ಯೂಸ್ಡ್ ಟು' ಇರುವುದರಿಂದ 'ವರ್ಕಿಂಗ್'. ಎರಡನೆಯದರಲ್ಲಿ 'ವಿಲ್ ಬಿ' ತೆಗೆದು 'ಐ ಲುಕ್ ಫಾರ್ವರ್ಡ್ ಟು ಮೀಟಿಂಗ್ ಯು ಆ್ಯಂಡ್ ಡಿಸ್ಕಸಿಂಗ್ ದ ರೋಲ್' ಮಾಡಿ. 'ಡಿಸ್ಕಸಿಂಗ್' ಸರಿಯಾಗಿಯೇ ಇತ್ತು. ಮೂರನೆಯದರಲ್ಲಿ 'ಫಾರ್ವರ್ಡ್' ಆದ ಮೇಲೆ 'ಟು' ಬಿಟ್ಟುಹೋಗಿದೆ. ಅದನ್ನು ಸೇರಿಸಿದರೆ ವ್ಯಾಕರಣ ಸರಿಹೋಗುತ್ತದೆ, ಆದರೆ ನನ್ನನ್ನು ಕೇಳಿದರೆ ಆ ವಾಕ್ಯವನ್ನೇ ಹೊಡೆದುಹಾಕಿ. ಅದರಲ್ಲಿ ಕಂಪನಿಗೆ ಬೇಕಾದ ಮಾಹಿತಿ ಒಂದೂ ಇಲ್ಲ. ನಾಲ್ಕನೆಯದರಲ್ಲಿ 'ಫಾರ್' ಹೋಗಬೇಕು, 'ಪಾಸಿಟಿವ್' ಹೋಗಬೇಕು, ಉತ್ತರಕ್ಕೆ ಕಾಯುವ ಕೆಲಸ ಸರ್ಟಿಫಿಕೇಟುಗಳಿಂದ ಅರ್ಜಿದಾರರಿಗೆ ವರ್ಗವಾಗಬೇಕು. ಮೊದಲು 'ಮೈ ಸರ್ಟಿಫಿಕೇಟ್ಸ್ ಆರ್ ಅಟ್ಯಾಚ್ಡ್', ಪೂರ್ಣವಿರಾಮ. ಎರಡನೆಯ ವಾಕ್ಯದಲ್ಲಿ ಆಗಲೇ ಒಂದು 'ಲುಕ್ ಫಾರ್ವರ್ಡ್' ಬಂದಿದೆ. ಒಂದು ಪ್ಯಾರಾಕ್ಕೆ ಒಂದು ಸಾಕು, ಆದ್ದರಿಂದ ಕೊನೆಗೆ 'ಐ ಹೋಪ್ ಟು ಹಿಯರ್ ಫ್ರಮ್ ಯು ಸೂನ್' ಎಂದು ಮುಗಿಸಿ. ಅಲ್ಲಿ 'ಹಿಯರ್' ಸರಿ.